ಎರಡನೇ ಬಿಗಿ

ಗ್ಯಾಸ್ ಕಟ್ಟರಿನ ನೀಲಿ ಉರಿ ಕೊಳವೆಗೆ ತಾಗುವಷ್ಟರಲ್ಲಿ ಜಟ್ಟಿಂಗಪ್ಪ ಕೈ ಹಿಂದೆಗೆದುಕೊಂಡ. ಗಾಡಿಯ ಅಡಿಯಲ್ಲಿ ಅಂಗಾತ ಮಲಗಿದ್ದ ಅವನಿಗೆ ಕಾಣುತ್ತಿದ್ದುದು ರವೀಶ ಗೌಡನ ಚಪ್ಪಲಿ ಹಾಕಿದ ಪಾದಗಳು ಮಾತ್ರ. ಆ ಪಾದಗಳನ್ನೇ ಉದ್ದೇಶಿಸಿ, "ಕಡೀಲಾ ಗೌಡ್ರೇ? ಕಡಿದ್ರೆ ಮತ್ತೆ ಕೂಡ್ಸಕ್ಕಾಗಲ್ಲ" ಎಂದ.

"ಎಷ್ಟ್ ಸಲ ಕೇಳ್ತೀಯ ಮಾರಾಯ, ಕಡಿ ಅಂದ್ನಲ್ಲ. ಮದ್ವೆ ಹೊತ್ತಿಗೆ ಯಾರು ಬೇಕಾದ್ರೂ ಓಡ್ಸೋ ಹಂಗೆ ಆಗ್ಬೇಕು ಗಾಡಿ."

ಮಾತಿನ ಕೊನೆಯ ತುಂಡು ಜಟ್ಟಿಂಗಪ್ಪನಿಗೆ ಚೆನ್ನಾಗಿಯೇ ಕೇಳಿಸಿತು. ಆದರೆ ಅದರಲ್ಲಿ ತನಗೆ ಸಂಬಂಧಪಟ್ಟದ್ದೇನಾದರೂ ಇದೆಯೆಂದು ಅವನಿಗೆ ಹೊಳೆಯಲಿಲ್ಲ. ಮದುವೆ ಮನೆಯವರು ಅಡುಗೆಯವನಿಗೆ 'ಯಾರು ಬೇಕಾದರೂ ಉಣ್ಣುವ ಹಾಗೆ ಖಾರ ಹಾಕು' ಎಂದರೆ ಅಡುಗೆಯವನು ತನ್ನ ಕೆಲಸ ಹೋಯಿತೆಂದು ತಿಳಿಯುತ್ತಾನೆಯೇ? ಅವನು ಉರಿಯನ್ನು ಕೊಳವೆಗೆ ಹಿಡಿದ.

ಅದು ಮೂವತ್ತೊಂಬತ್ತನೇ ಇಸವಿಯ ಕಪ್ಪು ಫೋರ್ಡು. ಅರಳಸುರಳಿ ಕಡೆಯ ಶೇಷಪ್ಪ ಗೌಡರ ಮನೆಯದು. ಈಗಿನ ಗಾಡಿಗಳಲ್ಲಿ ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ಹೋಗುವ ಶಾಫ್ಟು ಬಯಲಿನಲ್ಲೇ ತಿರುಗುತ್ತದೆ, ಬಗ್ಗಿದರೆ ಕಾಣುತ್ತದೆ. ಈ ಗಾಡಿಯಲ್ಲಿ ಹಾಗಿರಲಿಲ್ಲ. ಶಾಫ್ಟನ್ನು ಒಂದು ದಪ್ಪ ಕಬ್ಬಿಣದ ಕೊಳವೆಯೊಳಗೆ ಹುದುಗಿಸಿದ್ದರು. ಹಿಂದಿನ ಚಕ್ರಗಳು ದೂಡಿದ ಬಲವನ್ನೆಲ್ಲ ಆ ಕೊಳವೆಯೇ ಹೊತ್ತು ಗಾಡಿಗೆ ಮುಟ್ಟಿಸಬೇಕು. ಕೊಳವೆಯ ತಲೆ ಕೂರುವ ಬಟ್ಟಲು ಸವೆದು ಎಷ್ಟೋ ವರ್ಷವಾಗಿತ್ತು. ಅದರ ಸಾಮಾನು ಈ ದೇಶದಲ್ಲಿ ಎಲ್ಲೂ ಇರಲಿಲ್ಲ. ಹಾಗಾಗಿ ಗೇರು ಬದಲಿಸುವಾಗ ಒಂದು ಉಸಿರು ತಡೆದು, ಕ್ಲಚ್ಚನ್ನು ಹಾಲಿನ ಪಾತ್ರೆ ಇಳಿಸಿದಷ್ಟು ಮೆಲ್ಲಗೆ ಬಿಡಬೇಕಿತ್ತು. ತಪ್ಪಿದರೆ ಗಾಡಿಗೆ ಗಾಡಿಯೇ ಚಳಿಜ್ವರ ಬಂದವರ ಹಾಗೆ ನಡುಗುತ್ತಿತ್ತು. ಆ ಉಸಿರು ಎಷ್ಟು ಹೊತ್ತಿನದೆಂದು ಗೊತ್ತಿದ್ದವನು ಜಟ್ಟಿಂಗಪ್ಪ ಒಬ್ಬನೇ. ತೀರ್ಥಹಳ್ಳಿಯ ಕುರುವಳ್ಳಿಯಲ್ಲಿ ಅವನದೊಂದು ಗ್ಯಾರೇಜು. ಮೀಸೆ ಮೂಡುವ ಮೊದಲು ಹಿಡಿದ ಸ್ಪ್ಯಾನರನ್ನು ಮೀಸೆ ನರೆತ ಮೇಲೂ ಕೆಳಗಿಟ್ಟಿರಲಿಲ್ಲ.

ಗೌಡರ ಮನೆಯ ಹೆಣ್ಣುಮಕ್ಕಳು ಮದುವೆಗೆ ಹೊರಟರೆ ಅದೇ ಗಾಡಿ. ಊರ ಗಡಿಯಲ್ಲಿ ಗಾಡಿ ನಿಲ್ಲಿಸಿ, ಮುಂದಿನ ಚಕ್ರದ ಎದುರು ಕಾಯಿ ಒಡೆದು, ಮದುಮಗಳು ಗಾಡಿ ಹೊಡೆಯುವವನಿಗೆ ತನ್ನ ಕೈಯಾರೆ ವೀಳ್ಯ ಕೊಡಬೇಕು. ತೆಗೆದುಕೊಂಡವನು ಅದನ್ನು ಕಣ್ಣಿಗೊತ್ತಿಕೊಂಡು, "ಸುಖವಾಗಿ ಮುಟ್ಟಿಸ್ತೀನಿ ತಾಯಿ" ಎಂದು ಮಾತು ಕೊಡಬೇಕು. ಎತ್ತಿನ ಗಾಡಿಯ ಕಾಲದ ಪದ್ಧತಿ ಅದು. ಶೇಷಪ್ಪ ಗೌಡರ ಹೆಣ್ಣುಮಕ್ಕಳೆಲ್ಲರ ಕೈಯಿಂದಲೂ ವೀಳ್ಯ ಪಡೆದವನು ಜಟ್ಟಿಂಗಪ್ಪ. ಅವನ ಅಪ್ಪ ಆ ಮನೆಯ ಗದ್ದೆಯಲ್ಲಿ ಗೇಣಿ ಮಾಡಿಕೊಂಡಿದ್ದವನು, ಅಂಗಳದಿಂದ ಮೇಲೆ ಹತ್ತಿದವನಲ್ಲ. ಅಂಥ ಮನೆಯ ಮಗಳು ಜನರೆಲ್ಲ ನೋಡುತ್ತಿದ್ದಂತೆ ಎರಡು ಕೈಯಲ್ಲಿ ವೀಳ್ಯ ಹಿಡಿದು ಬಗ್ಗುವ ಆ ಒಂದು ಗಳಿಗೆಗೆ ಅವನು ಬೇರೆ ಏನನ್ನು ಬೇಕಾದರೂ ಬಿಟ್ಟುಕೊಡಲು ತಯಾರಿದ್ದ. ಈಗ ಗೌಡರಿಲ್ಲ. ಅವರ ಮಗ ರವೀಶನ ಮಗಳು ಧನ್ಯಶ್ರೀಯ ಮದುವೆ. ಅವಳ ಹಿಂದೆ ಆ ಮನೆಯಲ್ಲಿ ಬೇರೆ ಹೆಣ್ಣುಮಕ್ಕಳಿಲ್ಲ. ಇದೊಂದು ಸಲ ಓಡಿಸಿಬಿಟ್ಟರೆ ಆಮೇಲೆ ಗಾಡಿ ಶೆಡ್ಡು ಸೇರಲಿ, ತಾನು ಜಗಲಿ ಸೇರುತ್ತೇನೆ ಎಂದು ಅವನು ಹೆಂಡತಿಯ ಹತ್ತಿರ ಹೇಳಿಯೂ ಇದ್ದ.

ಕೊಳವೆ ಎರಡು ತುಂಡಾಗಿ ನೆಲಕ್ಕೆ ಬಿತ್ತು. ಒಳಗೆ ಕರೀ ಎಣ್ಣೆಯ ರಾಡಿ. "ಹೆಣ ಬಿದ್ದಂಗೆ ಬಿತ್ತಲಾ" ಎಂದು ರವೀಶ ನಕ್ಕ. ಜಟ್ಟಿಂಗಪ್ಪನಿಗೆ ನಗು ಬರಲಿಲ್ಲ.

ಮುಂದಿನ ಕೆಲಸವನ್ನು ಅವನು ದೇವರ ಕೆಲಸದಂತೆ ಮಾಡಿದ. ಸಾಗರದ ಗುಜರಿಯಲ್ಲಿ ಒಂದು ಅಂಬಾಸಿಡರಿನ ಹೌಸಿಂಗ್, ಅಂದರೆ ಹಿಂದಿನ ಎರಡು ಚಕ್ರಗಳ ನಡುವಿನ ಅಚ್ಚಿನ ಗೂಡು, ಹುಡುಕಿ ತಂದ. ಹಳೆಯ ಗಾಡಿಯಲ್ಲಿ ಸ್ಪ್ರಿಂಗಿನ ಪ್ಲೇಟುಗಳು ಹೌಸಿಂಗಿನ ಮೇಲೆ ಅಡ್ಡಕ್ಕೆ ಕೂತಿದ್ದವು. ಕೊಳವೆ ಹೋದ ಮೇಲೆ ಅಡ್ಡ ಪ್ಲೇಟಿನಿಂದ ಪ್ರಯೋಜನವಿಲ್ಲ. ಚಕ್ರ ತಿರುಗಿದರೆ ಹೌಸಿಂಗೂ ಮಗುಚಿಕೊಳ್ಳುತ್ತದೆ. ಇನ್ನು ಆ ಭಾರವನ್ನು ಹೊರಬೇಕಾದವು ಉದ್ದಕ್ಕೆ ಕೂರುವ ಪ್ಲೇಟುಗಳೇ. ಗಾಡಿಯ ಅಡಿ ಚೌಕಟ್ಟಾದ ಚಾಸಿಗೆ ಹೊಸ ಬ್ರಾಕೆಟ್ಟು ವೆಲ್ಡ್ ಮಾಡಿದ. ಎರಡೂ ಪಕ್ಕಕ್ಕೆ ಹೊಸ ಪ್ಲೇಟಿನ ಸೆಟ್ಟು ಕೂರಿಸಿ, ಯು-ಬೋಲ್ಟುಗಳಿಂದ ಹೌಸಿಂಗನ್ನು ಅವಕ್ಕೆ ಕಟ್ಟಿದ. ಗೇರ್‌ಬಾಕ್ಸಿನ ಬಾಲಕ್ಕೆ ಶಾಫ್ಟನ್ನು ಜೋಡಿಸುವ ಫ್ಲೇಂಜನ್ನು ಶಿವಮೊಗ್ಗದ ಲೇಥಿನಲ್ಲಿ ಎದುರು ನಿಂತು ಮಾಡಿಸಿದ. ಮೊದಲ ಸಲ ಓಡಿಸಿದಾಗ ಶಾಫ್ಟು ಗುಂಯ್ಗುಡುತ್ತಿತ್ತು. ಹೌಸಿಂಗಿನ ಮೂತಿ ಕೊಂಚ ಕೆಳಗಾಗಿದೆಯೆಂದು ಒಂದು ಆಪು, ಕಬ್ಬಿಣದ ಬೆಣೆ, ತಟ್ಟಿದ; ಗುಂಯ್ ನಿಂತಿತು.

ಧನ್ಯಶ್ರೀ ತೀರ್ಥಹಳ್ಳಿಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. ಸಂಜೆ ಸ್ಕೂಟರು ನಿಲ್ಲಿಸಿ ಗ್ಯಾರೇಜಿಗೆ ಬಂದು, ಟೈರಿನ ಮೇಲೆ ಕೂತು ಕೆಲಸ ನೋಡುವುದು ಅವಳಿಗೆ ರೂಢಿಯಾಗಿತ್ತು. ನಿಜ ಹೇಳಬೇಕೆಂದರೆ ಗಾಡಿ ರಿಪೇರಿಯಾದದ್ದೇ ಅವಳ ಹಟದಿಂದ. ರವೀಶನಿಗೆ ಅದನ್ನು ಮಾರಿ ಕೈತೊಳೆದುಕೊಳ್ಳುವ ಮನಸ್ಸಿತ್ತು. ಅತ್ತೆಯರೆಲ್ಲ ಹೋದ ಗಾಡಿಯಲ್ಲೇ ತಾನೂ ಹೋಗಬೇಕೆಂದು ಹಿಡಿದು ಕೂತವಳು ಇವಳು.

"ಇದೆಂತದು ಜಟ್ಟಿಂಗಣ್ಣ, ಕುದುರೆ ಲಾಳದ ಹಂಗಿದೆ?"

"ಯು-ಬೋಲ್ಟು ಧನ್ಯಮ್ಮ. ಇಡೀ ಹೌಸಿಂಗ್ ನಿಂತಿರೋದೇ ಇದ್ರ ಮೇಲೆ. ಹೊಸ ಪ್ಲೇಟು ಅಂದ್ರೆ ಹೊಸ ಸೊಸೆ ಇದ್ದಂಗೆ, ಭಾರ ಹೊತ್ತು ಒಂದಿಷ್ಟು ಓಡಾಡಿದ್ ಮೇಲೇ ಮನೇಲಿ ಕೂರೋದು. ಪ್ಲೇಟು ಕೂತ ಮೇಲೆ ಬೋಲ್ಟು ಸಡ್ಲ ಆಗ್ತದೆ. ಆಗ ಇನ್ನೊಂದ್ಸಲ ಬಿಗಿ ಮಾಡ್ಬೇಕು. ಮೊದ್ಲನೇ ಬಿಗಿ ಎಲ್ರೂ ಮಾಡ್ತಾರೆ. ಎರಡನೇ ಬಿಗಿ ಮರ್ತವ್ನು ಮೆಕ್ಯಾನಿಕ್ಕೇ ಅಲ್ಲ."

"ಮರ್ತರೆ ಎಂತಾಗ್ತದೆ?"

"ಹೌಸಿಂಗ್ ಜಾಗ ಬಿಡ್ತದೆ. ಗಾಡಿ ಏಡಿ ಹಂಗೆ ಓರೆ ಹೋಗ್ತದೆ."

ಧನ್ಯಶ್ರೀ ಕೈಯನ್ನು ಏಡಿಯಂತೆ ಆಡಿಸಿ ನಕ್ಕಳು. "ನೀವು ಓಡ್ಸೋವಾಗ ನಂಗೆಂತ ಹೆದ್ರಿಕೆ ಬಿಡಿ" ಎಂದಳು. ಆ ಮಾತನ್ನು ಜಟ್ಟಿಂಗಪ್ಪ ಮನೆಗೆ ಹೋಗಿ ಹೆಂಡತಿಗೆ ಒಪ್ಪಿಸಿದ. ಕೆರಿಯಮ್ಮ ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತದೆ, "ನಮ್ಮ ಆಶನ ಮದ್ವೆಗೆ ಆ ಗಾಡಿ ಬಂದಿತ್ತಾ?" ಎಂದಳು. ಮಗಳ ಮದುವೆಗೆ ಗಾಡಿ ಕೇಳಬೇಕೆಂದು ಅವನಿಗೆ ಬಾಯಿ ತುದಿಗೆ ಬಂದಿತ್ತು; ಅವರಾಗಿ ಹೇಳಲಿ ಎಂದು ಸುಮ್ಮನಿದ್ದ; ಅವರು ಹೇಳಲಿಲ್ಲ. ಆಶಾ ಬಾಡಿಗೆ ವ್ಯಾನಿನಲ್ಲಿ ಹೋದಳು. ಕೆರಿಯಮ್ಮನಿಗೆ ಕೊಡಬೇಕಾದ ಉತ್ತರಗಳಲ್ಲಿ ಅವನು ಕೊಡದೆ ಉಳಿಸಿಕೊಂಡವು ಬಹಳ, ಇದೂ ಅವುಗಳಲ್ಲೊಂದು.

ಮದುವೆಗೆ ಎರಡು ದಿನ ಇದೆ ಎನ್ನುವಾಗ ರವೀಶ ಗ್ಯಾರೇಜಿಗೆ ಬಂದ. ಜೊತೆಯಲ್ಲಿ ಎಣ್ಣೆ ಹಾಕಿ ಕೂದಲು ಬಾಚಿದ, ಕಪ್ಪು ಕನ್ನಡಕದ ಒಬ್ಬ ಯುವಕ. ಗಾಡಿ ತೊಳೆದು ಒರೆಸಿ ಅಂಗಳದಲ್ಲಿ ನಿಂತಿತ್ತು. ಸಂಜೆಯವರೆಗೆ ಜನರನ್ನು ಕೂರಿಸಿಕೊಂಡು ಓಡಿಸುವುದು, ಬಂದು ಎರಡನೇ ಬಿಗಿ ಮಾಡುವುದು, ಆಮೇಲೆ ಗಾಡಿಯನ್ನು ಅರಳಸುರಳಿಗೆ ಮುಟ್ಟಿಸುವುದು ಎಂದು ಜಟ್ಟಿಂಗಪ್ಪ ಲೆಕ್ಕ ಹಾಕಿದ್ದ. ದೊಡ್ಡ ಸ್ಪ್ಯಾನರನ್ನು ಆಗಲೇ ತೆಗೆದು ಬೆಂಚಿನ ಮೇಲಿಟ್ಟಿದ್ದ.

"ಇವ್ನು ಯೋಗರಾಜ್ ಅಂತ. ಶಿವಮೊಗ್ಗದವನು" ಎಂದ ರವೀಶ. "ಒಂದ್ ರೌಂಡ್ ಹೊಡ್ಕಂಡ್ ಬರ್ತಾನೆ, ಕೀ ಕೊಡು."

ಗೌಡನ ಮನೆಯ ನೆಂಟನಿರಬೇಕು, ಹುಡುಗನಿಗೆ ಹಳೇ ಗಾಡಿಯ ಹುಚ್ಚಿರಬೇಕು ಎಂದುಕೊಂಡು ಜಟ್ಟಿಂಗಪ್ಪ ಕೀ ಕೊಟ್ಟ. ಕಣ್ಣು ಮಾತ್ರ ಗಾಡಿಯ ಮೇಲೇ ಇತ್ತು. ಯೋಗರಾಜ್ ಒಂದನೇ ಗೇರು ಹಾಕಿದ, ಎರಡನೆಯದಕ್ಕೆ ತಳ್ಳಿದ, ಉಸಿರು ತಡೆಯಲಿಲ್ಲ, ಕ್ಲಚ್ಚು ಸಟ್ಟನೆ ಬಿಟ್ಟ. ಗಾಡಿ ನಡುಗಲಿಲ್ಲ. ನೀರಿನ ಮೇಲೆ ದೋಣಿ ಹೋದಂತೆ ಹೋಯಿತು. ರವೀಶನ ಕಡೆಯ ನಾಲ್ಕಾರು ಜನರನ್ನು ತುಂಬಿಕೊಂಡು ಕವಲೇದುರ್ಗದ ದಾರಿಯಲ್ಲಿ ಬಹಳ ದೂರ ಹೋಗಿ ಬಂದ ಯೋಗರಾಜ್ ಇಳಿಯುತ್ತಲೇ, "ಸಖತ್ತಾಗಿದೆ ಸರ್. ಹಳೇ ಗಾಡಿ ಅಂತ ಅನ್ನಿಸೋದೇ ಇಲ್ಲ" ಎಂದ. ಜಟ್ಟಿಂಗಪ್ಪನ ಎದೆ ಹಿಗ್ಗಿತು. ಹಿಗ್ಗಿದ ಎದೆಗೇ ಮುಂದಿನ ಏಟು ಬಿತ್ತು.

"ಹಂಗಾರೆ ಆಯ್ತಲ್ಲ. ಜಟ್ಟಿಂಗಪ್ಪ, ಯೋಗರಾಜ್ ಮದ್ವೆ ಗಾಡಿಗೇ ಹೋಗೋನು. ಬಿಳೀ ಯೂನಿಫಾರ್ಮು, ಟೋಪಿ, ಎಲ್ಲ ಅವನದ್ದೇ ಇದೆ. ವಿಡಿಯೋದವ್ರು ಮೇಲಿಂದ ಡ್ರೋನ್ ಬಿಡ್ತಾರೆ, ಇವ್ನಿಗೆ ಅದೆಲ್ಲ ಗೊತ್ತು. ನೀನು ಹಿಂದೆ ನಿನ್ನ ಪಿಕಪ್ಪಲ್ಲಿ ಸಾಮಾನು ಇಟ್ಕಂಡು ಬಾ. ನೀನು ಹಿಂದೆ ಇದ್ರೆ ನಂಗೊಂದು ಧೈರ್ಯ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಕೆಟ್ಟ ಮನಸ್ಸಿನಿಂದ ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು. ಏಣಿ ಒದೆಯುವವನಿಗೆ ತಾನು ಒದೆಯುತ್ತಿದ್ದೇನೆಂಬ ಅರಿವೇ ಇಲ್ಲದಿದ್ದರೆ ಏಣಿ ಯಾರ ಹತ್ತಿರ ದೂರು ಹೇಳಬೇಕು? ಜಟ್ಟಿಂಗಪ್ಪ ಕೈಯಲ್ಲಿದ್ದ ಬಟ್ಟೆಯಿಂದ ಒರೆಸಿದ ಜಾಗವನ್ನೇ ಮತ್ತೆ ಒರೆಸಿದ.

"ಮತ್ತೆ ಗಾಡೀದು ಎಂತಾರೂ ಬಾಕಿ ಇದ್ಯಾ? ಈಗ್ಲೇ ಮನೆಗೆ ತಗಂಡ್ ಹೋಗ್ತೀವಿ, ಹೂವಿನೋರು ಅಳತೆ ನೋಡ್ಬೇಕಂತೆ."

ಬೆಂಚಿನ ಮೇಲೆ ಸ್ಪ್ಯಾನರ್ ಇತ್ತು. ಸ್ವಲ್ಪ ಹೊತ್ತಿನ ಕೆಲಸ. "ಒಂದ್ ಗಳಿಗೆ ನಿಲ್ಲಿ" ಎಂದರೆ ಸಾಕಿತ್ತು.

"ಎಂತದೂ ಬಾಕಿ ಇಲ್ಲ ಗೌಡ್ರೇ" ಎಂದ ಜಟ್ಟಿಂಗಪ್ಪ.

ಗಾಡಿ ಗೇಟು ದಾಟಿ ಹೋಯಿತು. ಸದ್ದಿಲ್ಲ, ನಡುಕವಿಲ್ಲ. ತಾನು ಮಾಡಿದ್ದೇನೆಂದು ಅವನಿಗೆ ಆಗ ಅರ್ಥವಾಯಿತು. ಆ ಗಾಡಿಯ ರೋಗವೊಂದೇ ಇಷ್ಟು ವರ್ಷ ಅವನನ್ನು ಆ ಮನೆಗೆ ಬೇಕಾದವನನ್ನಾಗಿ ಮಾಡಿತ್ತು. ರೋಗವನ್ನು ತನ್ನ ಕೈಯಾರೆ ವಾಸಿಮಾಡಿ, ವೈದ್ಯನ ಮನೆಗೆ ಬರುವ ದಾರಿಗೆ ತಾನೇ ಮುಳ್ಳು ಹಚ್ಚಿದ್ದ.

ಮಾರನೆಯ ದಿನವೆಲ್ಲ ಅವನು ಲೆಕ್ಕ ಹಾಕುತ್ತಲೇ ಇದ್ದ. ಅರಳಸುರಳಿಗೆ ಹೋಗಿ ಬಿಗಿ ಮಾಡಿ ಬರಲು ಇಡೀ ದಿನ ಕೈಯಲ್ಲಿತ್ತು. ಆಗುವುದಾದರೂ ಏನು? ದಿಬ್ಬಣದ ದಾರಿಯ ಏರಿನಲ್ಲಿ ಹಿಂದಿನಿಂದ ಟಕ್ ಎನ್ನುತ್ತದೆ. ಟೋಪಿಯ ಡ್ರೈವರಿಗೆ ದಿಕ್ಕು ತೋಚುವುದಿಲ್ಲ, ನಿಲ್ಲಿಸುತ್ತಾನೆ. 'ಜಟ್ಟಿಂಗಪ್ಪನ್ನ ಕರೀರಿ' ಎನ್ನುತ್ತಾರೆ. ತಾನು ಇಳಿದು, ಬಗ್ಗಿ, ನಾಲ್ಕು ತಿರುವು ಬಿಗಿಮಾಡಿ, 'ಇದು ಹಳೇ ಗಾಡಿ ಗೌಡ್ರೇ, ಇದ್ರ ಕೈ ಬೇರೆ' ಎಂದು ಹೇಳಿ ಸ್ಟೇರಿಂಗಿನ ಹಿಂದೆ ಕೂರುವುದು. ಅಷ್ಟೆ. ಯಾರಿಗೂ ಏನೂ ಆಗುವುದಿಲ್ಲ.

ಮದುವೆಯ ಬೆಳಿಗ್ಗೆ ಬಿಳಿ ಅಂಗಿ, ಬಿಳಿ ಪಂಚೆ ಉಟ್ಟು ಪಿಕಪ್ಪಿಗೆ ಸಾಮಾನು ತುಂಬುತ್ತಿದ್ದಾಗ ಕೆರಿಯಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಮೆಕ್ಯಾನಿಕ್ಕಿನ ಜೊತೆ ಸಂಸಾರ ಮಾಡಿದವಳಿಗೆ ಯಾವ ಸ್ಪ್ಯಾನರ್ ಯಾವುದಕ್ಕೆಂದು ಹೇಳಿಕೊಡಬೇಕಾಗಿರಲಿಲ್ಲ.

"ಆ ದೊಡ್ಡದು ಎಂತಕ್ಕೆ? ಕೆಲಸ ಮುಗ್ದಿದೆ ಅಂದಿದ್ರಿ."

"ಇರ್ಲಿ ಅಂತ."

ಅವಳು ಅವನ ಮುಖವನ್ನೇ ನೋಡಿದಳು. "ಗೌಡ್ರ ಮೇಲೆ ಸಿಟ್ಟಿದ್ರೆ ಗೌಡ್ರ ಹತ್ರ ಆಡಿ. ಆ ಗಾಡೀಲಿ ಕೂರೋಳು ಆ ಹುಡುಗಿ."

"ಎಂತದೂ ಆಗಲ್ಲ, ಒಳಗೆ ಹೋಗೆ" ಎಂದು ಗದರಿ ಅವನು ಪಿಕಪ್ಪು ಹತ್ತಿದ. ಹೆಂಡತಿಯ ಮಾತು ನಿಜವೆಂದು ಗೊತ್ತಾದಾಗಲೆಲ್ಲ ಅವನು ಗದರುತ್ತಿದ್ದ.

ಮದುವೆ, ಗಂಡಿನ ಕಡೆಯವರ ಊರಾದ ಹೊಸನಗರದಲ್ಲಿ. ದಿಬ್ಬಣ ಬಿಸಿಲೇರುವ ಮೊದಲೇ ಹೊರಟಿತು. ಎದುರಿಗೆ ರವೀಶನ ಇನ್ನೋವಾ, ಅದರ ಹಿಂದೆ ಸೇವಂತಿಗೆ ಮಲ್ಲಿಗೆಯಲ್ಲಿ ಮುಳುಗಿದ ಫೋರ್ಡು, ಅದರ ಬೆನ್ನಿಗೆ ಜಟ್ಟಿಂಗಪ್ಪನ ಪಿಕಪ್ಪು, ಆಮೇಲೆ ನೆಂಟರ ಬಸ್ಸು. ಊರ ಗಡಿಯಲ್ಲಿ ನಿಂತರು. ಕಾಯಿ ಒಡೆದರು. ಡ್ರೋನು ತಲೆಯ ಮೇಲೆ ಜೇನಿನಂತೆ ಗುಂಯ್ಗುಟ್ಟಿತು. ಪಿಕಪ್ಪಿನ ಗಾಜಿನೊಳಗಿಂದ ಜಟ್ಟಿಂಗಪ್ಪ ನೋಡುತ್ತಿದ್ದಂತೆ ಧನ್ಯಶ್ರೀ ಕೆಳಗಿಳಿದು, ಒಮ್ಮೆ ಹಿಂತಿರುಗಿ ಪಿಕಪ್ಪಿನ ಕಡೆ ನೋಡಿ, ಅಪ್ಪನಿಗೆ ಏನೋ ಹೇಳಿದಳು. ರವೀಶ ಗಡಿಯಾರ ತೋರಿಸಿ ತಲೆಯಾಡಿಸಿದ. ಅವಳು ಎರಡೂ ಕೈಯಲ್ಲಿ ವೀಳ್ಯ ಹಿಡಿದು ಯೋಗರಾಜನ ಎದುರು ಬಗ್ಗಿದಳು. ಅವನು ಹೋಟೆಲಿನಲ್ಲಿ ಬಿಲ್ಲು ತೆಗೆದುಕೊಂಡ ಹಾಗೆ ಒಂದೇ ಕೈಯಲ್ಲಿ ತೆಗೆದುಕೊಂಡು, "ಥ್ಯಾಂಕ್ಸ್ ಮೇಡಂ" ಎಂದು ಸ್ಟೇರಿಂಗಿನ ಎದುರಿನ ಹಲಗೆಯ ಮೇಲಿಟ್ಟ. ಸುಖವಾಗಿ ಮುಟ್ಟಿಸುತ್ತೇನೆಂಬ ಮಾತನ್ನು ಯಾರೂ ಕೊಡಲಿಲ್ಲ, ಯಾರೂ ಕೇಳಲೂ ಇಲ್ಲ. ಜಟ್ಟಿಂಗಪ್ಪ ಪಿಕಪ್ಪನ್ನು ಸ್ಟಾರ್ಟ್ ಮಾಡಿದ. ಆಗಲಿ, ಏರು ಬರಲಿ ಎಂದುಕೊಂಡ.

ಏರು ಬಂತು. ಮೊದಲ ತಿರುವಿನಲ್ಲಿ ಗೇರು ಬದಲಿಸಿದಾಗ ಟಕ್ ಎಂದಿತು. ಹಿಂದಿದ್ದ ಅವನಿಗೂ ಕೇಳಿಸಿತು. ಅವನು ಫೋರ್ಡು ನಿಲ್ಲುತ್ತದೆಂದು ಬ್ರೇಕಿನ ಮೇಲೆ ಕಾಲಿಟ್ಟು ಕಾದ. ಫೋರ್ಡು ನಿಲ್ಲಲಿಲ್ಲ. ಎರಡನೇ ತಿರುವಿನಲ್ಲೂ ಟಕ್ ಎಂದಿತು. ಒಳಗೆ ಹಾಡು ಹಾಕಿದ್ದರು. ಧನ್ಯಶ್ರೀಯ ಜೊತೆ ಕೂತ ಗೆಳತಿಯರು ಕೈ ತಟ್ಟುತ್ತಿರುವುದು ಹಿಂದಿನ ಗಾಜಿನಲ್ಲಿ ಕಾಣುತ್ತಿತ್ತು. ಯೋಗರಾಜನಿಗೆ ಆ ಗಾಡಿಯ ಸದ್ದು ಯಾವುದು, ಸಂಕಟ ಯಾವುದು ಎಂದು ಹೇಗೆ ಗೊತ್ತಾಗಬೇಕು? ಹಳೆಯ ಗಾಡಿ ಎಂದ ಮೇಲೆ ಟಕ್ ಎನ್ನುವುದು ಇದ್ದದ್ದೇ ಎಂದುಕೊಂಡಿರಬೇಕು. ಜಟ್ಟಿಂಗಪ್ಪನ ಲೆಕ್ಕದಲ್ಲಿ ಇದೊಂದು ಇರಲಿಲ್ಲ. ತನ್ನ ಕಿವಿಯನ್ನೇ ಎಲ್ಲರ ತಲೆಗೂ ಹಚ್ಚಿ ಅವನು ಲೆಕ್ಕ ಹಾಕಿದ್ದ.

ಮೂರನೇ ತಿರುವು ಕಳೆಯುವಾಗ ಫೋರ್ಡಿನ ಬೆನ್ನು ರಸ್ತೆಯ ನೇರಕ್ಕೆ ಇರಲಿಲ್ಲ. ಮೂತಿ ಒಂದು ಕಡೆ, ಹಿಂಭಾಗ ಇನ್ನೊಂದು ಕಡೆ. ಹೌಸಿಂಗ್ ಜಾಗ ಬಿಟ್ಟಿತ್ತು. ಎಡಗಡೆ ಕಣಿವೆ. ಅವನು ಹಾರ್ನಿನ ಮೇಲೆ ಕೈಯೊತ್ತಿ ತೆಗೆಯಲೇ ಇಲ್ಲ. ಯೋಗರಾಜ್ ಕಿಟಕಿಯಿಂದ ಕೈ ಹೊರಹಾಕಿ, ದಿಬ್ಬಣದ ಹಾರ್ನಿಗೆ ಉತ್ತರವೆಂಬಂತೆ ತಾನೂ ಪೋಂ ಪೋಂ ಎನ್ನಿಸಿದ. "ದೇವ್ರೇ, ದೇವ್ರೇ" ಎನ್ನುತ್ತ ಜಟ್ಟಿಂಗಪ್ಪ ಪಿಕಪ್ಪನ್ನು ಬಲಕ್ಕೆ ಎಳೆದು, ಎದುರಿನಿಂದ ಏನು ಬರುತ್ತಿದೆಯೆಂದು ನೋಡದೆ ನುಗ್ಗಿಸಿ, ಫೋರ್ಡಿನ ಮುಂದೆ ಅಡ್ಡ ನಿಲ್ಲಿಸಿದ.

"ತಲೆ ಕೆಟ್ಟಿದ್ಯೇನ್ರೀ?" ಎಂದು ಕೂಗುತ್ತ ಯೋಗರಾಜ್ ಇಳಿದ. ಜಟ್ಟಿಂಗಪ್ಪ ದೊಡ್ಡ ಸ್ಪ್ಯಾನರ್ ಹಿಡಿದು ಅವನನ್ನು ದಾಟಿ ಹೋಗಿ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಬಿಳಿ ಬಟ್ಟೆಯಲ್ಲೇ ಗಾಡಿಯ ಅಡಿಗೆ ನುಗ್ಗಿದ. ಬಲಗಡೆಯ ಒಂದು ಯು-ಬೋಲ್ಟಿನ ನಟ್ಟು ಬಿದ್ದುಹೋಗಿತ್ತು. ಇನ್ನೊಂದು ಕೊನೆಯ ಎಳೆಯಲ್ಲಿ ತೂಗುತ್ತಿತ್ತು. ಪ್ಲೇಟಿನ ನಡುವಿನ ಬೋಲ್ಟು ಕತ್ತರಿಸಿ, ಹೌಸಿಂಗ್ ಒಂದು ಬೆರಳಗಲ ಮುಂದಕ್ಕೆ ಸರಿದಿತ್ತು. ಇನ್ನೊಂದೆರಡು ತಿರುವು ಸಾಕಿತ್ತು. ಮುಂದೆ ಏನಾಗುತ್ತಿತ್ತೆಂದು ಯೋಚಿಸಲು ಅವನಿಗೆ ಧೈರ್ಯ ಬರಲಿಲ್ಲ. ಸ್ಪ್ಯಾನರನ್ನು ಉಳಿದ ನಟ್ಟಿಗೆ ಹಚ್ಚಿದ.

"ಜಟ್ಟಿಂಗಣ್ಣ."

ಧನ್ಯಶ್ರೀ ರಸ್ತೆಯ ಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತು, ರೇಷ್ಮೆ ಸೀರೆಯ ಸೆರಗನ್ನು ಮಡಿಲಲ್ಲಿ ಹಿಡಿದು, ಬಗ್ಗಿ ನೋಡುತ್ತಿದ್ದಳು. ಅವಳ ಕಣ್ಣು ಮೊದಲು ತೂಗುತ್ತಿದ್ದ ಬೋಲ್ಟಿಗೆ ಹೋಯಿತು. ಆಮೇಲೆ ಅವನ ಕೈಯಲ್ಲಿದ್ದ ಸ್ಪ್ಯಾನರಿಗೆ.

"ಎರಡನೇ ಬಿಗಿ ಮಾಡಿರ್ಲಿಲ್ವಾ?"

"ಇಲ್ಲ ಧನ್ಯಮ್ಮ."

"ಮರ್ತು ಹೋಯ್ತಾ?"

ಹೌದು ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಅಷ್ಟು ಸಣ್ಣ ಸುಳ್ಳು. ಎರಡು ದಿನದ ಹಿಂದೆ ಇದಕ್ಕಿಂತ ದೊಡ್ಡದನ್ನು ಹೇಳಲು ಬಂದ ಬಾಯಿಗೆ ಈಗ ಇದು ಬರಲಿಲ್ಲ. ಅವಳ ಮುಖವನ್ನು ನೋಡುತ್ತ ಅವನು ಸುಮ್ಮನೆ ಮಲಗಿದ್ದ. ಅವಳು ಕಾದಳು. ಕೇಳಿದ ಮಾತಿಗೆ ಉತ್ತರ ಬರುವುದಿಲ್ಲವೆಂದು, ಬಾರದ ಉತ್ತರವೇ ಉತ್ತರವೆಂದು ಅವಳಿಗೆ ತಿಳಿಯುವುದನ್ನು ಅವನು ಕಣ್ಣಾರೆ ಕಂಡ. ಅವಳ ಹಣೆಯಲ್ಲಿ ಬೆವರು ಮೂಡಿತ್ತು. ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ನೆಲಕ್ಕೆ ಕೈಯೂರಿ ಎದ್ದಳು.

ಇನ್ನೋವಾ ಹಿಂದಕ್ಕೆ ಬಂದು ನಿಂತಿತ್ತು. "ಎಂತ ಅಂತೆ? ಎಂತ ಆಗಿದ್ದು? ಧಾರೆ ಹೊತ್ತು ಹತ್ರ ಬಂತು!" ಎಂದು ರವೀಶ ಕೂಗಾಡುತ್ತಿದ್ದ.

"ಹಳೇ ಗಾಡಿ ಅಲ್ವಾ ಅಪ್ಪಯ್ಯ" ಎಂದ ಧನ್ಯಶ್ರೀಯ ದನಿ ಕೇಳಿಸಿತು. "ಎಂತೋ ಆಗಿದೆ. ನಾನು ನಿಮ್ಮ ಗಾಡೀಲೇ ಬರ್ತೀನಿ, ನಡೀರಿ."

ಬಾಗಿಲುಗಳು ಹಾಕಿದ ಸದ್ದಾಯಿತು. ರವೀಶ ಬಗ್ಗಿ ಫೋರ್ಡಿನ ಅಡಿಗೆ ನೋಡಿದ. ಬೋಲ್ಟನ್ನೂ ಸರಿದ ಹೌಸಿಂಗನ್ನೂ ಕಂಡು ಅವನ ಮುಖದ ಬಣ್ಣ ಇಳಿಯಿತು. ರಸ್ತೆ ಸೇತುವೆಗಳ ಕಾಂಟ್ರಾಕ್ಟು ಮಾಡಿದವನು, ಕಬ್ಬಿಣ ಜಾಗ ಬಿಟ್ಟರೆ ಏನಾಗುತ್ತದೆಂದು ತಿಳಿಯದವನಲ್ಲ. ಅವನು ಕೈ ಚಾಚಿ ಜಟ್ಟಿಂಗಪ್ಪನ ಭುಜವನ್ನು ಗಟ್ಟಿಯಾಗಿ ಹಿಡಿದುಕೊಂಡ.

"ನನ್ನ ಮಗಳ ಜೀವ ಉಳ್ಸಿದ್ರಿ ಜಟ್ಟಿಂಗಪ್ಪಣ್ಣ. ನೀವು ಹಿಂದೆ ಇಲ್ದಿದ್ರೆ ಇವತ್ತು ಎಂತ ಗತಿ ಆಗ್ತಿತ್ತು. ಅಪ್ಪಯ್ಯ ಸುಮ್ನೆ ನಿಮ್ಮನ್ನ ಅಷ್ಟು ನಂಬಿರ್ಲಿಲ್ಲ."

ರವೀಶ ಹುಟ್ಟಿದಾಗಿನಿಂದ ಜಟ್ಟಿಂಗಪ್ಪ ಅವನನ್ನು ಬಲ್ಲ. 'ಅಣ್ಣ' ಎಂದದ್ದು, 'ನೀವು' ಎಂದದ್ದು ಇದೇ ಮೊದಲು. ಈ ಒಂದು ಮಾತಿಗಾಗಿ ಅವನು ಎಷ್ಟು ವರ್ಷ ಕಾದಿರಲಿಲ್ಲ! ಅದು ಬರುವುದಾದರೂ ಎಂಥ ಹೊತ್ತಿಗೆ ಬಂತು. ಅವನಿಗೆ ಭುಜದ ಮೇಲಿನ ಆ ಕೈಯನ್ನು ಕೊಡವಿ ಬಿಸಾಡಬೇಕೆನ್ನಿಸಿತು, ಗಾಡಿಯ ಅಡಿಯಲ್ಲೇ ಮಣ್ಣಾಗಬೇಕೆನ್ನಿಸಿತು. "ನೀವು ಹೋಗಿ ಗೌಡ್ರೇ, ಹೊತ್ತಾಯ್ತು" ಎಂದಷ್ಟೇ ಹೇಳಿದ.

"ಇದನ್ನ ನೀವೇ ತಗಂಡ್ ಬನ್ನಿ, ನಿಧಾನಕ್ಕೆ. ಯೋಗರಾಜ್ ಇನ್ನು ಮುಟ್ಟಲ್ಲ ಅಂತಿದಾನೆ. ಊಟದ ಹೊತ್ತಿಗಾದ್ರೂ ಛತ್ರದ ಎದ್ರು ನಿಂತಿರ್ಲಿ, ಹಳೇ ಗಾಡಿ ಬರ್ತದೆ ಅಂತ ಎಲ್ರಿಗೂ ಹೇಳಿದೀನಿ."

ಇನ್ನೋವಾ ಹೋಯಿತು. ಬಸ್ಸು ಹೋಯಿತು. ಯೋಗರಾಜ್ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, ಪಿಕಪ್ಪನ್ನು ತಾನು ತರುತ್ತೇನೆಂದು ಕೀ ಇಸಿದುಕೊಂಡು ಹೋದ. ಏರಿನ ಮೇಲೆ ಜಟ್ಟಿಂಗಪ್ಪ ಒಬ್ಬನೇ ಉಳಿದ. ಪಿಕಪ್ಪಿನಿಂದ ಇಳಿಸಿಕೊಂಡಿದ್ದ ಜಾಕಿ ಕೊಟ್ಟು, ಹೌಸಿಂಗನ್ನು ಅದರ ಜಾಗಕ್ಕೆ ತಳ್ಳಿ, ಹೊಸ ಬೋಲ್ಟು ತೂರಿಸಿ, ನಾಲ್ಕೂ ಮೂಲೆಗಳನ್ನು ಒಂದಾದ ಮೇಲೊಂದು ಬಿಗಿಮಾಡಿದ. ಬಿಗಿಯಾದದ್ದನ್ನೇ ಮತ್ತೆ ಬಿಗಿಮಾಡಿದ. ಸ್ಪ್ಯಾನರ್ ಇನ್ನು ಕದಲುವುದಿಲ್ಲ ಎಂದಾಗಲೂ ಮೈಭಾರವೆಲ್ಲ ಹಾಕಿ ಎಳೆದ. ಅಂಗೈ ಸುಲಿದು ರಕ್ತ ಬಂದಾಗ ನಿಲ್ಲಿಸಿದ.

ಅವನು ಫೋರ್ಡಿನ ಸ್ಟೇರಿಂಗಿನ ಹಿಂದೆ ಕೂತಾಗ ಬಿಸಿಲು ನೆತ್ತಿಗೆ ಬಂದಿತ್ತು. ಗಾಡಿ ಏನೂ ಆಗಿಲ್ಲವೆಂಬಂತೆ ಹತ್ತಿತು, ಇಳಿಯಿತು. ಅಂಥ ಗಾಡಿಯನ್ನು ಅವನು ಜನ್ಮದಲ್ಲಿ ಓಡಿಸಿರಲಿಲ್ಲ. ಓಡಿಸಬೇಕೆಂದು ಇಷ್ಟು ಆಸೆಪಟ್ಟ ಓಟ ಇದು. ಈಗ ದಾರಿ ಬೇಗ ಮುಗಿದರೆ ಸಾಕಾಗಿತ್ತು. ಮುಗಿದರೆ ಛತ್ರ ಬರುತ್ತದೆಂದು ನೆನಪಾಗಿ, ಮುಗಿಯದಿದ್ದರೂ ಆದೀತು ಎನ್ನಿಸಿತು.

ಹೊಸನಗರ ಇನ್ನೂ ಸ್ವಲ್ಪ ದೂರವಿರುವಾಗ ರಸ್ತೆ ಬದಿಯ ಒಂದು ಸಣ್ಣ ಊರಿನ ಬಸ್ ನಿಲ್ದಾಣದಲ್ಲಿ ನಾಲ್ಕಾರು ಹೆಂಗಸರು ನಿಂತಿದ್ದರು. ಹೂವಿನ ಗಾಡಿ ಬರುವುದನ್ನು ಕಂಡು ಅವರಲ್ಲಿ ಹಿರಿಯಳೊಬ್ಬಳು ರಸ್ತೆಗೇ ಇಳಿದು ಕೈ ಅಡ್ಡ ಹಿಡಿದಳು. ಅವನು ನಿಲ್ಲಿಸಬೇಕಾಯಿತು.

"ಒಂಚೂರು ನಿಲ್ಸಪ್ಪ, ಮದುಮಗಳ ಮುಖ ನೋಡ್ತೀವಿ" ಎಂದು ಅವಳು ಮಲ್ಲಿಗೆಯ ಮಾಲೆಯನ್ನು ಸರಿಸಿ ಹಿಂದಿನ ಸೀಟಿಗೆ ಇಣುಕಿದಳು. ಮಿಕ್ಕವರೂ ನಗುತ್ತ ಬಂದು ಗಾಜಿಗೆ ಮುಖ ಹಚ್ಚಿದರು.

"ಯಾರೂ ಇಲ್ಲಲ್ಲೇ" ಎಂದಳು ಒಬ್ಬಳು.

ಹಿರಿಯಳು ಮುಂದಿನ ಕಿಟಕಿಗೆ ಬಂದಳು. ಗ್ರೀಸು ಮೆತ್ತಿದ ಬಿಳಿ ಅಂಗಿ, ಮಣ್ಣು ಹತ್ತಿದ ತಲೆ, ಸ್ಟೇರಿಂಗಿನ ಮೇಲೆ ರಕ್ತ ಒಸರಿದ ಕೈ, ಎಲ್ಲವನ್ನೂ ನೋಡಿದಳು.

"ಹುಡುಗಿ ಎಲ್ಲಿ?"

"ಮುಂದೆ ಹೋದ್ರು. ಬೇರೆ ಗಾಡೀಲಿ."

"ಮತ್ತೆ ನೀನ್ಯಾರು?"

ಜಟ್ಟಿಂಗಪ್ಪ ಬಾಯಿ ತೆರೆದ. ಹಿಂದಿನಿಂದ ಬಂದ ಲಾರಿಯೊಂದು ಹಾರ್ನು ಹೊಡೆಯಿತು.

"ಡ್ರೈವರು" ಎಂದ.

ಹೆಂಗಸು ಖಾಲಿ ಸೀಟನ್ನು ಇನ್ನೊಮ್ಮೆ ನೋಡಿ, ಸೆರಗು ಸರಿಮಾಡಿಕೊಂಡು ದಾರಿ ಬಿಟ್ಟಳು.